ಗುಡ್ಡಕ್ಕೆ ಹೂಂ ಅಂದವಳು

ಒಂದಾನೊಂದು ಊರು. ಆ ಊರಿನ ಬೆನ್ನಿಗೆ ಒಂದು ಗುಡ್ಡ. ಗುಡ್ಡಕ್ಕೆ ಬಾಯಿರಲಿಲ್ಲ, ಕಿವಿ ಮಾತ್ರ ಇತ್ತು; ಆದರೂ ಅದು ಮಾತಾಡುತ್ತಿತ್ತು. ಇಷ್ಟು ಹೇಳಿ ಅಜ್ಜಿ ನಿಲ್ಲಿಸಿಬಿಡುತ್ತಿದ್ದಳು. ನಾನು ‘ಹೂಂ’ ಅನ್ನುವ ತನಕ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ. ನಿದ್ದೆ ಬಂದು ಒಂದು ಹೂಂ ತಪ್ಪಿತೋ, ರಾಜಕುಮಾರ ಕುದುರೆ ಹತ್ತಲು ಒಂದು ಕಾಲೆತ್ತಿದವನು ಹಾಗೇ ನಿಂತಿರುತ್ತಿದ್ದ, ಮಾರನೆಯ ದಿನದವರೆಗೆ. ಕಥೆಯ ಆ ಊರು ನಮ್ಮದೇ, ಆ ಗುಡ್ಡ ನಮ್ಮ ಹಿತ್ತಲಿಂದ ಕಾಣುವ ಗುಡ್ಡವೇ ಎಂದು ಗೊತ್ತಾಗುವಷ್ಟರಲ್ಲಿ ನನಗೆ ಏಳು ವರ್ಷ ತುಂಬಿತ್ತು.

ನಮ್ಮೂರಲ್ಲಿ ಆಡಿದ ಮಾತು, ಆದ ಸದ್ದು ಎಲ್ಲವೂ ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ, ಆಡಿದ ಜಾಗಕ್ಕೇ ವಾಪಸ್ಸು ಬರುತ್ತದೆ. ಒಂದೇ ಸಲ. ಜೋರಾಗಿ ಆಡಿದ್ದು ಜೋರಾಗಿ, ಮೆಲ್ಲಗೆ ಆಡಿದ್ದು ಮೆಲ್ಲಗೆ. ಸೊಪ್ಪಿನ ನಿಂಗಮ್ಮ ಜ್ವರ ಬಂದು ಮಲಗಿದ್ದರೂ ಮಂಗಳವಾರ ಬೆಳಿಗ್ಗೆ ಬೀದಿಯಲ್ಲಿ ‘ಸೊಪ್ಪೋ’ ಎಂದು ಕೇಳುತ್ತದೆ. ಊರಿಗೆ ಹೊಸಬರಾದವರು ಚೀಲ ಹಿಡಿದು ಹೊರಗೆ ಬಂದು ಪೆಚ್ಚಾಗುತ್ತಾರೆ. ಸೋಮವಾರ ಜಗಳವಾಡಿದ ಗಂಡ ಹೆಂಡತಿ ಮುಂದಿನ ಸೋಮವಾರದೊಳಗೆ ರಾಜಿಯಾಗಿ, ಆ ಹೊತ್ತಿಗೆ ಸರಿಯಾಗಿ ಮನೆಗೆ ಬೀಗ ಹಾಕಿಕೊಂಡು ಇಬ್ಬರೂ ಕೆರೆ ಏರಿಯ ಮೇಲೆ ತಿರುಗಾಡಲು ಹೋಗುತ್ತಾರೆ. ಜಗಳ ಮನೆಯೊಳಗೆ ತನ್ನಷ್ಟಕ್ಕೆ ತಾನು ಆಡಿ ಮುಗಿಯುತ್ತದೆ. ಯಾರಾದರೂ ತೀರಿಕೊಂಡರೆ ಮುಂದಿನ ವಾರ ಮನೆಯವರೆಲ್ಲ ಅವರ ಹಾಸಿಗೆಯ ಸುತ್ತ ಕೂರುತ್ತಾರೆ. ನಮ್ಮಜ್ಜಿಯ ಕೊನೆಯ ಮಾತು, ‘ಹಾಲು ಉಕ್ಕೀತು, ನೋಡ್ರೇ’ ಅಂತ. ಅದು ತಿರುಗಿ ಬಂದ ದಿನ ಅಮ್ಮ ಅಳುವುದನ್ನು ಬಿಟ್ಟು ಒಲೆಯ ಹತ್ತಿರ ಓಡಿಹೋಗಿದ್ದಳು.

ಗುಟ್ಟು ಹೇಳಬೇಕಾದವರು ಹಿಟ್ಟಿನ ಮಿಲ್ಲಿಗೆ ಹೋಗುತ್ತಾರೆ. ಅಲ್ಲಿ ಯಂತ್ರದ ಸದ್ದಿನ ಕೆಳಗೆ ಆಡಿದ ಮಾತು ಯಂತ್ರದ ಸದ್ದಿನ ಕೆಳಗೇ ತಿರುಗಿ ಬರುವುದರಿಂದ ಯಾರಿಗೂ ತಿಳಿಯುವುದಿಲ್ಲ. ‘ಮಿಲ್ಲಿಗೆ ಹೋಗೋಣ ಬಾ’ ಎಂದು ನಮ್ಮೂರಲ್ಲಿ ಯಾರಾದರೂ ಕರೆದರೆ ಎದೆ ಧಸಕ್ಕೆನ್ನುತ್ತದೆ. ಇನ್ನು ಊರೊಟ್ಟಿನ ತೀರ್ಮಾನಗಳಿಗೂ ಒಂದು ಕ್ರಮ ಉಂಟು. ತೀರ್ಮಾನವನ್ನು ಒಬ್ಬರು ಗುಡ್ಡದ ಕಡೆ ಮುಖ ಮಾಡಿ ಕೂಗಬೇಕು. ಅದು ಮುಂದಿನ ವಾರ ತಿರುಗಿ ಬಂದಾಗ, ಕೂಗಿದವರೇ ನಿಂತು ಕೇಳಿ ಹೂಂ ಅನ್ನಬೇಕು. ಹೂಂ ಅನ್ನದಿದ್ದರೆ ಆ ಮಾತು ಬಿದ್ದುಹೋದ ಹಾಗೆ. ಎಷ್ಟೋ ಮದುವೆ, ಎಷ್ಟೋ ವ್ಯಾಜ್ಯ ಹೀಗೆ ಒಂದು ಹೂಂ ಇಲ್ಲದೆ ನಿಂತುಹೋಗಿವೆ.

ನಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟು ಇರುವುದು ಆ ಗುಡ್ಡದ ಬುಡದಲ್ಲೇ. ಒಂದು ಭಾನುವಾರ ಪಂದ್ಯವಾದರೆ ಮುಂದಿನ ಭಾನುವಾರವನ್ನು ಕೇಳುವುದಕ್ಕೆಂದು ಖಾಲಿ ಬಿಡುತ್ತೇವೆ. ನಾನು ಹೇಳುತ್ತಿರುವ ವರ್ಷ ನಮ್ಮ ಹೆಣ್ಣುಮಕ್ಕಳ ತಂಡ ಹನ್ನೊಂದು ಪಂದ್ಯ ಸೋತಿತ್ತು, ನಡುವೆ ಒಂದನ್ನೂ ಗೆಲ್ಲದೆ. ನೀಲವೇಣಿ ಇದ್ದೂ ಸೋತಿತ್ತು ಎನ್ನುವುದೇ ಊರಿಗೆ ಅರಗದ ಮಾತಾಗಿತ್ತು. ನಾನು ವೇಣಕ್ಕ ಅನ್ನುತ್ತಿದ್ದೆ. ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವ ಕೆಲಸ, ಮೂವತ್ತೊಂದು ವರ್ಷ, ಬಾಗಿಲಿಗೆ ಬಗ್ಗಿ ಬರುವಷ್ಟು ಎತ್ತರ. ಅವಳ ಕೈಯಿಂದ ಹೊರಟ ಚೆಂಡು ರಿಂಗಿನ ಕಬ್ಬಿಣಕ್ಕೆ ತಾಕದೆ ನೇರ ಬಲೆಯೊಳಗೆ ಇಳಿಯುವಾಗ, ಮೊರದಲ್ಲಿ ಕಾಳನ್ನು ಒಮ್ಮೆ ಕೇರಿದ ಹಾಗೆ ಸದ್ದಾಗುತ್ತಿತ್ತು. ತಂಡ ನಲವತ್ತಾರು ಅಂಕ ಗಳಿಸಿದರೆ ನಲವತ್ತು ಅವಳವು. ಮಿಕ್ಕ ನಾಲ್ವರು ಚೆಂಡು ಸಿಕ್ಕ ಕೂಡಲೇ ಅವಳ ಕಡೆ ಎಸೆದು, ಬಯಲಾಟ ನೋಡಲು ಬಂದವರ ಹಾಗೆ ನಿಂತುಬಿಡುತ್ತಿದ್ದರು. ಎದುರು ತಂಡದವರು ಮೂರು ಜನ ಸೇರಿ ಅವಳನ್ನು ಸುತ್ತುಗಟ್ಟಿದರೆ ನಮ್ಮ ಕಥೆ ಅಲ್ಲಿಗೆ ಮುಗಿಯಿತು.

ನಾನು ಆ ನಾಲ್ವರಲ್ಲೂ ಇರಲಿಲ್ಲ. ನನ್ನ ಹೆಸರು ರಂಗನಾಯಕಿ. ಎಲ್ಲರೂ ಕರೆಯುವುದು ನಾಯಕಿ ಅಂತ. ಹೆಸರು ನಾಯಕಿ, ಇರೋದು ಬೆಂಚಿನ ಮೇಲೆ ಎಂದು ಹೋಟೆಲಿನ ಗೌರಕ್ಕ ಟೀ ಸೋಸುತ್ತಾ ಪ್ರತಿ ಸಲ ಅನ್ನುತ್ತಿದ್ದಳು, ಮುಂದಿನ ವಾರ ಅದೇ ಹೊತ್ತಿಗೆ ನಾನು ಅಲ್ಲಿಗೆ ಹೋದರೆ ಗುಡ್ಡವೂ ಅನ್ನುತ್ತಿತ್ತು. ನನಗೆ ಬೇಸರವಿರಲಿಲ್ಲ. ಬೆಂಚಿನ ಮೇಲೆ ಕೂತು ವೇಣಕ್ಕನನ್ನು ನೋಡುವುದೆಂದರೆ ಅಜ್ಜಿಯ ಕಥೆ ಕೇಳಿದ ಹಾಗೆ. ನನಗೇ ತಿಳಿಯದೆ ಒಳಗೊಳಗೇ ಹೂಂಗುಟ್ಟುತ್ತಿರುತ್ತಿದ್ದೆ. ಹದಿಮೂರು ವರ್ಷದವಳಿದ್ದಾಗ ನನಗೆ ಮೊದಲು ಚೆಂಡು ಹಿಡಿಯಲು ಕಲಿಸಿದ್ದು ಅವಳು. ಬೆರಳಲ್ಲಿ ಹಿಡಿ, ಅಂಗೈಯಲ್ಲಿ ಅಲ್ಲ ಎಂದಿದ್ದಳು.

ಹನ್ನೊಂದನೆಯ ಸೋಲಾದ ಮೇಲಿನ ಬುಧವಾರ ಹೊಳೆಯಾಚೆಯ ಊರಿನಿಂದ ಮಾತು ಬಂತು. ಆ ತಂಡದವರು ಮೂರು ವರ್ಷ ಸತತ ಎರಡನೆಯವರಾಗಿ ಬೇಸತ್ತಿದ್ದರು. ನೀಲವೇಣಿಯನ್ನು ನಮಗೆ ಕೊಡಿ, ಬದಲಿಗೆ ಹದಿನೇಳು ವರ್ಷದ ಇಬ್ಬರು ಹುಡುಗಿಯರನ್ನು ಕೊಡುತ್ತೇವೆ, ಎತ್ತರ ಇದ್ದಾರೆ, ಓಡುತ್ತಾರೆ, ಇನ್ನೂ ಕಲಿಯಬೇಕು ಅಷ್ಟೇ ಎಂದರು. ಭಾನುವಾರ ಕೋರ್ಟಿನಲ್ಲೇ ಸಭೆ ಸೇರುವುದೆಂದಾಯಿತು. ಆದರೆ ಅದು ಕೇಳುವ ಭಾನುವಾರ ಎಂಬುದು ಸಭೆ ಕರೆದವರಿಗೆ ಹೊಳೆದಿರಲಿಲ್ಲ. ನಾಲ್ಕು ಗಂಟೆಗೆ ಎಲ್ಲರೂ ಬಂದು ಕೂತ ಮೇಲೆ ಹೋದ ವಾರದ ಪಂದ್ಯ ಗುಡ್ಡದಿಂದ ಇಳಿದು ಬರತೊಡಗಿತು. ಸಭೆಯ ಅಧ್ಯಕ್ಷ ಮರಿಸ್ವಾಮಪ್ಪನವರು ಎರಡು ಸಲ ಗಂಟಲು ಸರಿಮಾಡಿಕೊಂಡು ಸುಮ್ಮನಾದರು.

ಮೊದಲು ಸೀಟಿ. ಆಮೇಲೆ ಖಾಲಿ ನೆಲದ ಮೇಲೆ ಚೆಂಡು ಪುಟಿಯುವ ಸದ್ದು, ಶೂಗಳ ಕಿರ್ರನೆಯ ಸದ್ದು. ಆಮೇಲೆ ಜನ. ವೇಣೀ, ವೇಣೀ, ವೇಣಿಗೆ ಕೊಡೇ, ಏನ್ ನೋಡ್ತೀಯೆ ವೇಣಿಗೆ ಕೊಡೇ. ಪಂದ್ಯ ಮುಗಿಯುವ ತನಕ ಬೇರೊಂದು ಹೆಸರು ಬರಲಿಲ್ಲ. ನನ್ನ ಪಕ್ಕದಲ್ಲಿ ಸುಬ್ಬಿ ಕೂತಿದ್ದಳು, ತಂಡದಲ್ಲಿ ಎಂಟು ವರ್ಷದಿಂದ ಆಡುತ್ತಿರುವವಳು. ಆ ಪಂದ್ಯದಲ್ಲಿ ಬೋರ್ಡಿಗೆ ಬಡಿದು ಬಂದ ಚೆಂಡನ್ನು ಒಂಬತ್ತು ಸಲ ಹಿಡಿದಿದ್ದಳು. ತನ್ನ ಹೆಸರು ಬಂದಾಗ ಎಣಿಸಬೇಕೆಂದು ಬೆರಳು ಮಡಿಸಲು ಸಿದ್ಧಳಾಗಿ ಕೂತವಳು, ಕೊನೆಗೆ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ವೇಣಕ್ಕ ದೂರದಲ್ಲಿ ಕಂಬಕ್ಕೊರಗಿ ನಿಂತಿದ್ದಳು. ಕೇಳುವ ಭಾನುವಾರಗಳಲ್ಲಿ ಅವಳು ಎಂದೂ ಬಂದವಳಲ್ಲ. ತನ್ನ ಹೆಸರನ್ನು ತಾನೇ ಕೂತು ಕೇಳುವುದು ನಾಚಿಕೆಗೇಡು ಅನ್ನುತ್ತಿದ್ದಳು. ಅವತ್ತೇ ಮೊದಲು. ಅವಳ ಮುಖ ಬರಬರುತ್ತಾ ಬಿಳಿಚಿಕೊಳ್ಳುತ್ತಿತ್ತು.

ಆಮೇಲೆ ಸಭೆ ನಡೆಯಿತು. ಮರಿಸ್ವಾಮಪ್ಪನವರು ಕೊಡಬಾರದು ಅನ್ನುವವರು. ಈ ಊರಿನವರು ಕೋರ್ಟಿಗೆ ಬರುವುದೇ ವೇಣಿಯನ್ನು ನೋಡಲು, ಅವಳಿಲ್ಲದೆ ಯಾರು ಬಂದಾರು ಎಂದರು. ತಂಡಕ್ಕೆ ಕಲಿಸುವ ದ್ಯಾವಣ್ಣ ಮೇಷ್ಟ್ರು ಕೊಡಬೇಕು ಅನ್ನುವವರು. ಹತ್ತು ವರ್ಷ ಕಲಿಸಿದೆ, ಯಾರೂ ಕಲಿಯಲಿಲ್ಲ, ಕಲಿಯುವ ಅಗತ್ಯವೇ ಬೀಳಲಿಲ್ಲ ಎಂದರು. ಇಬ್ಬರೂ ಒಂದೇ ವಠಾರದವರು, ಒಬ್ಬರ ಮಾತಿಗೆ ಒಬ್ಬರು ಕಾಯುವವರು.

“ಬಾವಿಗೆ ಇರೋದೊಂದೇ ಹಗ್ಗ,” ಎಂದರು ಮರಿಸ್ವಾಮಪ್ಪ. “ಅದನ್ನ ಕೊಟ್ಟು ಎರಡು ಬಕೆಟ್ ತರೋಣ ಅಂತೀರಲ್ಲ ಮೇಷ್ಟ್ರೇ.”

“ಹಗ್ಗ ಇಲ್ದೆ ಹೋದ್ರೆ ಬಾವಿಗೆ ಮೆಟ್ಲು ಕಡೀತೀವಿ,” ಎಂದರು ಮೇಷ್ಟ್ರು. “ನಿಧಾನ ಆಗುತ್ತೆ. ಆದ್ರೆ ಆಮೇಲೆ ಮಕ್ಕಳೂ ಇಳಿದು ನೀರು ತರಬಹುದು.”

ಗೌರಕ್ಕ ಲೋಟಗಳ ತಟ್ಟೆಯನ್ನು ಕೆಳಗಿಟ್ಟು, ಇದೇನು ಸಾಟಿ ಸಂಬಂಧವೇನು, ನಿಮ್ಮ ಹೆಣ್ಣು ಕೊಟ್ಟು ನಮ್ಮ ಹೆಣ್ಣು ತಗೊಳ್ಳೋಕೆ, ಅದರಲ್ಲಾದರೂ ಹೆಣ್ಣನ್ನ ಒಂದು ಮಾತು ಕೇಳ್ತಾರೆ ಎಂದಳು. ನಗಬೇಕೆಂದವರೂ ನಗಲಿಲ್ಲ. ವೇಣಕ್ಕನನ್ನು ಕೇಳುವ ಹಾಗಿರಲಿಲ್ಲ. ತೀರ್ಮಾನ ಯಾರ ಬಗ್ಗೆಯೋ ಅವರು ಸಭೆಯಲ್ಲಿ ಬಾಯಿಬಿಡಬಾರದು ಎಂಬುದು ನಮ್ಮ ಹಿರಿಯರ ಕಟ್ಟಳೆ. ತನ್ನ ಬಗ್ಗೆ ತಾನಾಡಿದ ಮಾತನ್ನು ಮುಂದಿನ ವಾರ ಊರೆದುರು ನಿಂತು ಕೇಳುವ ಕಷ್ಟ ಯಾರಿಗೂ ಬೇಡ ಎಂದು ಕರುಣೆಯಿಂದ ಮಾಡಿದ್ದಂತೆ. ಕೊನೆಗೆ ಕೊಡಬೇಕು ಅನ್ನುವವರು ಕೋರ್ಟಿನ ನಡುಗೆರೆಯ ಈಚೆ, ಬೇಡ ಅನ್ನುವವರು ಆಚೆ ನಿಂತರು. ಸುಬ್ಬಿ ಒಂದು ಗಳಿಗೆ ಗೆರೆಯ ಮೇಲೆಯೇ ನಿಂತಿದ್ದು, ವೇಣಕ್ಕನ ಕಡೆ ನೋಡದೆ ಈಚೆ ಬಂದಳು. ಈಚೆಯವರು ಏಳು ಜನ ಹೆಚ್ಚು.

ತಂಡದ ವಿಷಯವಾದ್ದರಿಂದ ಕೂಗಬೇಕಾದವಳು ತಂಡದಲ್ಲೇ ಕಿರಿಯವಳು. ಎಂದರೆ ನಾನು. ಗುಡ್ಡದ ಕಡೆ ತಿರುಗಿ, ‘ನೀಲವೇಣಿಯನ್ನು ಕೊಟ್ಟೆವು, ಇಬ್ಬರನ್ನು ತಂದೆವು’ ಎಂದು ಕೂಗಿದೆ. ಆಗ ಸಂಜೆ ಆರು ಗಂಟೆ.

ಆ ವಾರ ನನ್ನನ್ನು ಯಾರೂ ಸುಮ್ಮನೆ ಬಿಡಲಿಲ್ಲ. ನಾನು ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದರೆ ಬಟ್ಟೆ ಕೊಡಲು ಬಂದವರು ಬಟ್ಟೆ ಕೊಟ್ಟು ಹೋಗದೆ ನಿಲ್ಲುತ್ತಿದ್ದರು. ಹೂಂ ಅನ್ನಬೇಡ ಮಗಳೇ ಎಂದವರು ಕೆಲವರು, ಅಂದುಬಿಡು ಎಂದವರು ಕೆಲವರು. ನಲ್ಲಿಯ ಹತ್ತಿರ ಒಬ್ಬಾಕೆ ಕೊಡ ತುಂಬುವುದನ್ನೇ ನೋಡುತ್ತಾ, “ಹೂಂ ಅಂದ್ರೆ ನೀನು ಬೆಂಚಿಂದ ಎದ್ದಂಗೆ, ಅಲ್ವಾ ನಾಯಕಿ?” ಎಂದಳು. ಅದು ನಿಜ. ವೇಣಕ್ಕ ಹೋದರೆ ಒಂದು ಜಾಗ ಖಾಲಿಯಾಗುತ್ತಿತ್ತು, ಬರುವ ಹುಡುಗಿಯರು ಇನ್ನೂ ಕಲಿಯಬೇಕಾದವರು, ಆ ಜಾಗಕ್ಕೆ ನಾನೇ ಇಳಿಯಬೇಕಿತ್ತು. ನನ್ನ ಬಾಯಿಂದ ಹೊರಡುವ ಹೂಂ ಊರಿನದೋ ನನ್ನದೋ ಎಂದು ನನಗೇ ಗೊತ್ತಿರಲಿಲ್ಲ. ಸುಮ್ಮನೆ ನಿಂತುಬಿಡುವುದೇ ಸರಿ, ನಿದ್ದೆ ಬಂದವಳ ಹಾಗೆ, ಕಥೆ ಎಲ್ಲಿತ್ತೋ ಅಲ್ಲೇ ನಿಲ್ಲಲಿ ಎಂದುಕೊಂಡೆ.

ಗುರುವಾರ ಮಧ್ಯಾಹ್ನ ವೇಣಕ್ಕ ಅಂಗಡಿಯ ಮೆಟ್ಟಿಲ ಹತ್ತಿರ ಬಂದು ನಿಂತಳು. ಕೈಯಲ್ಲಿ ರಾಗಿಯ ಚೀಲ. ಮಿಲ್ಲಿಗೆ ಹೋಗೋಣ ಬಾ ಎಂದಳು.

ಮಿಲ್ಲಿನವನು ಚೀಲ ಇಸಿದುಕೊಂಡು, ನಮ್ಮನ್ನು ನೋಡಿ, ಏನೂ ಕೇಳದೆ ಚಕ್ರಕ್ಕೆ ಬೆಲ್ಟು ಏರಿಸಿದ. ಯಂತ್ರ ಶುರುವಾಯಿತು. ಹಿಟ್ಟಿನ ಧೂಳು ಅವಳ ಹುಬ್ಬಿನ ಮೇಲೆ ಕೂರತೊಡಗಿತು. ಅವಳು ಬಗ್ಗಿ ನನ್ನ ಕಿವಿಗೆ ಬಾಯಿಟ್ಟು ಹೇಳಿದ ಮೊದಲ ಮಾತು, “ನಂಗೆ ಹೋಗೋಕೆ ಇಷ್ಟ ಇಲ್ಲ ಕಣೆ.”

ಹಾಗಾದರೆ ನಾನು ಹೂಂ ಅನ್ನುವುದಿಲ್ಲ ಎಂದೆ. ಸಮಾಧಾನವೇ ಆಯಿತು.

“ಅನ್ನಬೇಕು,” ಎಂದಳು. “ಭಾನುವಾರ ಕೇಳಿಸ್ಕೊಂಡೆಯಲ್ಲ. ಅವ್ರೆಲ್ಲ ನನ್ನ ಹೆಸ್ರು ಕೂಗಿದ್ರು, ಕೂಗ್ಲಿ. ನನ್ನ ಗಂಟ್ಲು ಕೇಳಿಸ್ತಾ ನಿಂಗೆ? ‘ಇಲ್ಲಿ’, ‘ಕೊಡು’, ‘ನಂಗೆ’. ಮೂರೇ ಮಾತು. ಹತ್ತು ವರ್ಷದಿಂದ ಜೊತೇಲಿ ಆಡ್ತಿದೀನಿ, ಒಬ್ಬಳ ಹೆಸ್ರೂ ತಗೊಂಡಿಲ್ಲ ನಾನು. ಸುಬ್ಬಿ ಪಕ್ಕದಲ್ಲೇ ಇರ್ತಾಳೆ, ಸುಬ್ಬೀ ಅಂದಿಲ್ಲ.”

ನಾನು ಏನೋ ಹೇಳಹೋದೆ. ಅವಳು ನನ್ನ ಭುಜ ಹಿಡಿದು ಮುಂದುವರಿಸಿದಳು. ಅವಳು ಇಲ್ಲೇ ಇದ್ದರೆ ಊರು ಅವಳ ಹೆಸರು ಬಿಡುವುದಿಲ್ಲವಂತೆ, ಅವಳ ಬಾಯಿಗೂ ಬೇರೆ ಹೆಸರು ಬರುವುದಿಲ್ಲವಂತೆ, ಅಭ್ಯಾಸ ಗಟ್ಟಿಯಾಗಿಹೋಗಿದೆಯಂತೆ. ಇದನ್ನು ಮನೆಯಲ್ಲಿ ಆಡಲಾರಳು, ಮುಂದಿನ ವಾರ ಅಮ್ಮನ ಕಿವಿಗೆ ಬೀಳುತ್ತದೆ. ಆಮೇಲೆ, ಒಂದು ಕೆಲಸ ಮಾಡಿಕೊಡುತ್ತೀಯಾ ಎಂದು ಕೇಳಿದಳು.

“ನಾನು ಹೋದ ಮೇಲೆ ಇಲ್ಲಿ ನಡೆಯೋ ಮೊದಲ್ನೇ ಪಂದ್ಯದಲ್ಲಿ ಐದು ಜನದ ಹೆಸ್ರೂ ಕೂಗ್ಬೇಕು. ಐದೂ ಗುಡ್ಡದಿಂದ ವಾಪಸ್ ಬರ್ಬೇಕು. ಸೋತ್ರೆ ಸೋಲ್ರಿ. ಇಷ್ಟು ಮಾಡು.”

ನಾನು ಹೂಂ ಅಂದೆ. ಯಂತ್ರದ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಅವಳು ನನ್ನ ಬಾಯಿ ನೋಡಿ ತಿಳಿದುಕೊಂಡು, ಬಿಸಿ ಹಿಟ್ಟಿನ ಚೀಲ ಎತ್ತಿ ಸೊಂಟಕ್ಕಿಟ್ಟುಕೊಂಡಳು.

ಭಾನುವಾರ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋದ ವಾರದ ವಾದವೆಲ್ಲ ಒಂದೊಂದಾಗಿ ಇಳಿದು ಬಂತು, ಹಗ್ಗ, ಬಕೆಟ್ಟು, ಮೆಟ್ಟಿಲು. ಆಡಿದವರು ತಲೆ ತಗ್ಗಿಸಿ ಕೇಳಿದರು. ಆರು ಗಂಟೆಗೆ ನನ್ನ ಸ್ವರ ಬಂತು. ನಾನು ತಿಳಿದುಕೊಂಡಿದ್ದಕ್ಕಿಂತ ಸಣ್ಣ ಸ್ವರ, ಯಾರೋ ಎಳೆಯ ಹುಡುಗಿಯದು. ನೀಲವೇಣಿಯನ್ನು ಕೊಟ್ಟೆವು, ಇಬ್ಬರನ್ನು ತಂದೆವು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಅಜ್ಜಿಯ ಒಂದು ಮಾತು ನೆನಪಾಯಿತು. ಒಂದು ಸಲ ಅವಳ ಕಥೆಯಲ್ಲಿ ಒಳ್ಳೆಯ ರಾಣಿಯೊಬ್ಬಳು ಕಾಡು ಪಾಲಾಗುವ ಹೊತ್ತು ಬಂದಾಗ ನಾನು ಬಾಯಿ ಬಿಗಿದುಕೊಂಡು ಕೂತಿದ್ದೆ. ನನಗೆ ಇಷ್ಟವಿಲ್ಲ, ಹೂಂ ಅನ್ನಲ್ಲ ಅಂದಿದ್ದೆ. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, “ಹೂಂ ಅಂದ್ರೆ ಒಪ್ದೆ ಅಂತಲ್ಲ ಮಗಾ, ಇಲ್ಲೇ ಇದೀನಿ ಅಂತ. ನೀನು ಇಲ್ದಿದ್ರೆ ಆ ರಾಣಿ ಒಬ್ಬಳೇ ಹೋಗ್ಬೇಕಲ್ಲ,” ಎಂದಿದ್ದಳು.

ನಾನು ಹೂಂ ಅಂದೆ. ಯಾರೋ ಅತ್ತರು, ಯಾರೋ ಎದ್ದು ಹೋದರು. ವೇಣಕ್ಕ ಅವತ್ತೇ ಹೊರಟಳು. ಸೇತುವೆಯ ಈ ತುದಿಯ ತನಕ ಹೋಗಿ ಕಳಿಸಿ ಬಂದೆವು. ‘ಬರ್ತೀನಿ’ ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ಮುಂದಿನ ಭಾನುವಾರ ಅದೇ ಹೊತ್ತಿಗೆ, ಆ ಒಂದು ಮಾತು ಕೇಳಲೆಂದು ನಾನು ಸೇತುವೆಗೆ ಹೋದರೆ ಅವಳ ಅಮ್ಮ ಆಗಲೇ ಅಲ್ಲಿ ನಿಂತಿದ್ದರು. ಇಬ್ಬರೂ ಕೇಳಿಸಿಕೊಂಡು ತಿರುಗಿ ಬಂದೆವು.

ಹೊಸ ಹುಡುಗಿಯರ ಹೆಸರು ಜಬೀನಾ ಮತ್ತು ದೇವೀರಿ. ಬಂದ ಮೊದಲ ವಾರ ಗುಡ್ಡಕ್ಕೆ ಹೆದರಿ ಇಬ್ಬರೂ ಸನ್ನೆಯಲ್ಲೇ ಮಾತಾಡುತ್ತಿದ್ದರು. ತಂಡದ ಇಬ್ಬರು ಹಿರಿಯರು, ವೇಣಿ ಇಲ್ಲದ ಮೇಲೆ ನಮಗೇನು ಕೆಲಸ ಎಂದು ಶೂ ಬಿಚ್ಚಿಟ್ಟು ಮನೆಗೆ ಹೋದರು. ಉಳಿದದ್ದು ಸುಬ್ಬಿ, ಎಸ್ತೇರು, ಈ ಇಬ್ಬರು, ನಾನು. ಮೇಷ್ಟ್ರು ಮೆಟ್ಟಿಲು ಕಡಿಯತೊಡಗಿದರು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಚೆಂಡಿಲ್ಲದೆಯೇ ಓಡಿಸಿದರು, ಆಮೇಲೆ ಚೆಂಡು ಕೊಟ್ಟು, ಬಲೆಗೆ ಹಾಕಬೇಡಿ, ಬರೀ ಒಬ್ಬರಿಗೊಬ್ಬರು ಕೊಡಿ ಎಂದರು. ಹೋದ ವಾರ ನಾವು ಬೀಳಿಸಿದ ಚೆಂಡುಗಳ ಸದ್ದು ಈ ವಾರ ನಮ್ಮ ಕಾಲಡಿಯಲ್ಲೇ ಬೀಳುತ್ತಿತ್ತು. ಯಾವುದು ಇವತ್ತಿನ ತಪ್ಪು, ಯಾವುದು ಹಳೆಯದು ಎಂದು ತಿಳಿಯದೆ ದೇವೀರಿ ಒಂದು ದಿನ ಅತ್ತೇಬಿಟ್ಟಳು. ಆದರೆ ಒಂದು ಬೆಳಿಗ್ಗೆ ಹಳೆಯ ಸದ್ದು ಕಡಿಮೆಯಾಗಿದೆ ಎಂದು ಮೊದಲು ಹೇಳಿದವಳೂ ಅವಳೇ.

ಹೊಸ ಸರದಿಯ ಮೊದಲ ಪಂದ್ಯ ನಮ್ಮ ಕೋರ್ಟಿನಲ್ಲಿ, ಹೊಳೆಯಾಚೆಯವರ ಮೇಲೆ. ವೇಣಕ್ಕ ಅವರ ಹಸಿರು ಬಟ್ಟೆ ತೊಟ್ಟು ಬಂದಿದ್ದಳು. ಊರವರಿಗೆ ಏನು ಕೂಗಬೇಕೆಂದೇ ತಿಳಿಯದೆ, ಮೊದಲ ಹತ್ತು ನಿಮಿಷ ಕೋರ್ಟಿನ ಸುತ್ತ ಕೆಮ್ಮು ಮಾತ್ರ ಕೇಳುತ್ತಿತ್ತು. ನಾನು ನನ್ನ ಕೆಲಸ ಮಾಡಿದೆ. ಸುಬ್ಬೀ, ಮುಂದೆ. ಎಸ್ತೇರೂ, ಹಿಂದೆ ಇದಾಳೆ ನೋಡು. ಜಬೀನಾ. ದೇವೀರಿ. ಗಂಟಲು ಹರಿಯುವ ಹಾಗೆ ಕೂಗಿದೆ. ಸ್ವಲ್ಪ ಹೊತ್ತಿಗೆ ಗೌರಕ್ಕ ‘ಸುಬ್ಬೀ’ ಎಂದಳು, ಆಮೇಲೆ ಇನ್ನಾರೋ ‘ಜಬೀನಾ’ ಎಂದರು. ಕೊನೆಯ ಹೊತ್ತಿನಲ್ಲಿ ಒಮ್ಮೆ ಚೆಂಡು ನನಗೆ ಬಂತು. ರಿಂಗಿನ ಕೆಳಗೆ ನಾನೊಬ್ಬಳೇ. ಯಾರಿಗೆ ಕೊಡಲಿ ಎಂದು ಸುತ್ತ ನೋಡಿದೆ, ಎಲ್ಲರ ಮೈಮೇಲೂ ಎದುರಿನವರಿದ್ದರು, ಜನರ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ಯಾಕೆಂದು ತಿಳಿಯದೆಯೇ ನಾನೇ ಎಸೆದೆ. ಬಲೆಯೊಳಗೆ ಇಳಿಯಿತು. ನಾವು ಒಂಬತ್ತು ಅಂಕದಿಂದ ಸೋತೆವು. ಹೋದ ವರ್ಷ ಇವರಿಗೇ ಮೂವತ್ತರಿಂದ ಸೋತಿದ್ದೆವು. ವೇಣಕ್ಕ ಎಲ್ಲರ ಕೈ ಕುಲುಕಿ, ಸುಬ್ಬಿಯ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದು, ತನ್ನ ತಂಡದ ಬಸ್ಸಿಗೆ ಹೋದಳು.

ಮನೆಗೆ ಬರುವಾಗ ಸುಬ್ಬಿ, ಎಲ್ಲರ ಹೆಸರೂ ಕೂಗಿ ಕೂಗಿ ಗಂಟಲು ಕಳ್ಕೊಂಡೆಯಲ್ಲೇ ಎಂದಳು. ಎಲ್ಲರ ಹೆಸರೂ ಎಂದು ನಾನು ಬೆರಳು ಮಡಿಸಿದೆ. ನಾಲ್ಕಾದವು. ಇನ್ನೊಮ್ಮೆ ಎಣಿಸಿದೆ, ನಾಲ್ಕೇ. ನನ್ನ ಹೆಸರನ್ನು ನಾನು ಹೇಗೆ ಕೂಗಲಿ? ಆಟದ ನಡುವೆ ಜಬೀನಾ, ದೇವೀರಿ ನನ್ನನ್ನು ಅಕ್ಕ ಅನ್ನುತ್ತಾರೆ. ಸುಬ್ಬಿ, ಎಸ್ತೇರು ಲೇ ಅನ್ನುತ್ತಾರೆ. ಊರವರಿಗೆ ನಾನು ಇನ್ನೂ ಬೆಂಚಿನವಳು. ಐದೂ ಬರಬೇಕೆಂದು ಅವಳು ಹೇಳಿದ್ದಳು, ನಾನು ಹೂಂ ಅಂದಿದ್ದೆ. ಆ ವಾರವಿಡೀ ಗುಂಡಿ ಹೊಲಿಯುವಾಗ ಐದನೆಯ ಗುಂಡಿಗೆ ಬಂದರೆ ಸೂಜಿ ಕೈಗೆ ಚುಚ್ಚುತ್ತಿತ್ತು.

ಕೇಳುವ ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಕೂತೆ. ನಿಧಾನಕ್ಕೆ ಜನ ಸೇರಿದರು. ವೇಣಕ್ಕನ ಅಮ್ಮನೂ ಬಂದು ಹಿಂದಿನ ಸಾಲಿನಲ್ಲಿ ಕೂತರು. ಸೀಟಿ ಬಂತು. ಕೆಮ್ಮು ಬಂತು. ಆಮೇಲೆ ನನ್ನ ಸ್ವರ, ಈ ಸಲ ಅಷ್ಟು ಸಣ್ಣದಾಗಿರಲಿಲ್ಲ. ಸುಬ್ಬಿ ಪಕ್ಕದಲ್ಲಿ ಕೂತು ಬೆರಳು ಮಡಿಸುತ್ತಿದ್ದಳು, ಒಂದು ಕೈ ಸಾಲದೆ ಇನ್ನೊಂದು ಕೈಗೆ ಬಂದಳು. ಎಸ್ತೇರು, ಜಬೀನಾ, ದೇವೀರಿ. ಹೆಸರುಗಳು ಗುಡ್ಡದಿಂದ ಇಳಿದು ಬಂದು ಕೋರ್ಟಿನ ಮೇಲೆ ಓಡಾಡಿದವು. ನಾಲ್ಕು. ಪಂದ್ಯ ಕೊನೆಗೆ ಬಂತು. ಜನರ ಗದ್ದಲ ಏರಿತು, ಚೆಂಡು ಎರಡು ಸಲ ಪುಟಿದು ನಿಂತಿತು. ನಾನು ಸುತ್ತ ನೋಡುತ್ತಿದ್ದ ಗಳಿಗೆ ಅದು.

ಗದ್ದಲದ ಕೆಳಗಿಂದ, ಕೋರ್ಟಿನ ಆ ಬದಿಯಿಂದ ಒಂದು ಸ್ವರ ಬಂತು. ಪಂದ್ಯದ ದಿನ ಕಿವಿಗೆ ಬಿದ್ದೂ ನಾನು ಕೇಳಿಸಿಕೊಳ್ಳದೆ ಹೋದದ್ದು. ಎದುರು ತಂಡದಲ್ಲಿ ನಿಂತು ಕೂಗಬಾರದ ಮಾತನ್ನು, ಹತ್ತು ವರ್ಷ ಯಾರ ಹೆಸರನ್ನೂ ಹೇಳದ ಗಂಟಲು ತಡೆಯಲಾರದೆ ಕೂಗಿಬಿಟ್ಟಿತ್ತು.

“ನಾಯಕೀ, ನೀನೇ ಹಾಕೇ.”

ಆಮೇಲೆ ಮೊರದಲ್ಲಿ ಕಾಳನ್ನು ಒಮ್ಮೆ ಕೇರಿದ ಹಾಗೆ ಬಲೆಯ ಸದ್ದು. ಸುಬ್ಬಿ ಮಡಿಸಿದ ಬೆರಳುಗಳನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. ಹಿಂದಿನ ಸಾಲಿನಲ್ಲಿ ವೇಣಕ್ಕನ ಅಮ್ಮ ಎದ್ದು ನಿಂತಿದ್ದರು. ಅವತ್ತು ನನ್ನಿಂದ ಉತ್ತರ ಬೇಕೆಂದು ಯಾವ ಕಟ್ಟಳೆಯೂ ಇರಲಿಲ್ಲ. ಆದರೂ ನಾನು ಎದ್ದು, ಗುಡ್ಡದ ಕಡೆ ಮುಖ ಮಾಡಿ, ಹೂಂ ಅಂದೆ.